ಒಂದು ನೂಲು ವಾಲಿದ ಗೋಡೆ

ಶಾಲೆಯಿಂದ ಬಂದ ಸೀಟಿ ಮೇಡಂ ಬೂಟಿನ ಲೇಸು ಬಿಚ್ಚುವುದನ್ನೂ ಮರೆತು ನಡುಮನೆಯಲ್ಲಿ ನಿಂತುಬಿಟ್ಟರು. ಬೆಳಿಗ್ಗೆ ಅವರು ಹೊರಡುವಾಗ ಭುಜದೆತ್ತರಕ್ಕೆ ಎದ್ದು ನಿಂತಿದ್ದ ಗೋಡೆ ಈಗ ಇರಲಿಲ್ಲ. ಅದರ ಇಟ್ಟಿಗೆಗಳನ್ನೆಲ್ಲ ಮೂಲೆಯಲ್ಲಿ ಅಚ್ಚುಕಟ್ಟಾಗಿ ಪೇರಿಸಿಟ್ಟಿದ್ದರು, ಅದೇ ಒಂದು ದೊಡ್ಡ ಉಪಕಾರ ಎನ್ನುವ ಹಾಗೆ. ಬಾಗಿಲಿನ ಚೌಕಟ್ಟನ್ನು ಸೋಫಾಕ್ಕೆ ಒರಗಿಸಿದ್ದರು. ಗೋಡೆಯಿದ್ದ ಜಾಗದಲ್ಲಿ ಮತ್ತೆ ಅದೇ ನೀಲಿ ಟಾರ್ಪಾಲು ನೇತಾಡುತ್ತಿತ್ತು.

"ಏನ್ರೀ ಇದು?"

ಟಾರ್ಪಾಲು ಸರಿಸಿಕೊಂಡು ಅವರ ಯಜಮಾನರು ಈಚೆ ಬಂದರು. ಕೈಯಲ್ಲಿ ದಾರಕ್ಕೆ ಕಟ್ಟಿದ ಹಿತ್ತಾಳೆಯ ತೂಗುಗುಂಡು, ತಲೆಯ ಮೇಲೆ ಸಿಮೆಂಟಿನ ಧೂಳು. "ವಾಲಿತ್ತು ಕಣೇ. ಒಂದು ನೂಲು. ಕೆಡವಿಸಿಬಿಟ್ಟೆ."

ಒಂದು ನೂಲೆಂದರೆ ಇಂಚಿನ ಎಂಟನೇ ಒಂದು ಪಾಲು. ಅಷ್ಟು ವಾಲಿದ್ದನ್ನು ಬೇರೆ ಯಾರೇ ಹೇಳಿದ್ದರೂ ಮೇಡಂ ನಕ್ಕು, ನಿನ್ನ ಕಣ್ಣು ತೋರಿಸಿಕೋ ಎಂದುಬಿಡುತ್ತಿದ್ದರು. ಆದರೆ ಹೇಳಿದವರು ತಕ್ಕಡಿ ಸಾಹೇಬರು. ಅಂಗಡಿ ಅಂಗಡಿಗೆ ಹೋಗಿ ತೂಕದ ಬಟ್ಟು, ಅಳತೆಯ ಕೋಲು ಪರೀಕ್ಷೆ ಮಾಡಿ ಮೊಹರು ಹಾಕುವುದೇ ಅವರ ನೌಕರಿಯಾಗಿತ್ತು. ಅವರು ಕಾಲಿಟ್ಟರೆ ಇಡೀ ಮಾರುಕಟ್ಟೆ ಉಸಿರು ಬಿಗಿಹಿಡಿಯುತ್ತಿತ್ತು. ನಿವೃತ್ತರಾದ ಮೇಲೂ ಆ ಹೆಸರು ಅವರ ಬೆನ್ನು ಬಿಟ್ಟಿರಲಿಲ್ಲ. ನೇರ ಯಾವುದು, ಸೊಟ್ಟ ಯಾವುದು ಎಂದು ಅವರು ಹೇಳಿದ ಮೇಲೆ ಅದೇ ಕೊನೆ. ಮೂವತ್ತು ಚಿಲ್ಲರೆ ವರ್ಷ ಸಂಸಾರ ಮಾಡಿದ ಹೆಂಡತಿಗೂ ಅದೇ ಕೊನೆ.

ಹಾಗಾಗಿ ಮೇಡಮ್ಮಿನ ಸಿಟ್ಟೆಲ್ಲ ಸೀದಾ ಮೇಸ್ತ್ರಿಯ ಮೇಲೆ ಹರಿಯಿತು. ಒಂದು ಗೋಡೆ ನೆಟ್ಟಗೆ ಕಟ್ಟಲು ಬಾರದವನು ಮೇಸ್ತ್ರಿ ಎಂದು ಹೇಳಿಕೊಂಡು ಯಾಕೆ ತಿರುಗುತ್ತಾನೆ? ಅದೂ ಇದು ಎರಡನೇ ಸಲ! ಅವರು ಅಲ್ಲಿಯೇ ನಿಂತು ಫೋನ್ ಮಾಡಿದರು.

"ಏನಪ್ಪಾ, ಕಟ್ಟೋದು ಕೆಡವೋದು, ಕಟ್ಟೋದು ಕೆಡವೋದು, ಮಕ್ಕಳಾಟ ಅಂದ್ಕೊಂಡಿದ್ದೀಯಾ?"

"ನಾಳೆ ಬಂದು ಎಬ್ಬಿಸಿಬಿಡ್ತೀನಿ ಮೇಡಂ."

"ನಾಳೆ ಅಂದ್ರೆ ಯಾವ ನಾಳೆ?"

"ನಾಳೇನೇ ಮೇಡಂ. ನನ್ನ ಬಾಂಡ್ಲಿ, ಕರಣೆ ಎಲ್ಲಾ ನಿಮ್ಮನೇಲೇ ಇದೆಯಲ್ಲ, ನಾನೆಲ್ಲಿ ಹೋಗ್ತೀನಿ?"

ಅವನು ಎಲ್ಲಿಗೆ ಹೋಗುತ್ತಾನೆಂದು ಬೀದಿಗೆಲ್ಲ ಗೊತ್ತಿತ್ತು. ಕೆಲಸ ನಡೆಯುವ ಪ್ರತಿ ಮನೆಯಲ್ಲೂ ಒಂದು ಹಳೇ ಬಾಂಡ್ಲಿ, ಒಂದು ಮೊಂಡು ಕರಣೆ ಬಿಟ್ಟುಬರುವುದು ಅವನ ಪದ್ಧತಿ. ಸಾಮಾನು ಇದೆ, ಆಳೂ ಬಂದಾನು ಎಂದು ಮನೆಯವರು ಕಾಯುತ್ತಾರೆ. ಅವನು ಮಾತ್ರ ಹೊಸ ಕರಣೆ ಹಿಡಿದು ಇನ್ನೊಂದು ಮನೆಯಲ್ಲಿರುತ್ತಾನೆ. ಬೀದಿಯವರು ಅವನಿಗೆ ನಾಳೆ ಮೇಸ್ತ್ರಿ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಒಡೆಯುವ ದಿನ ಮಾತ್ರ ಅವನದು ದಂಡಯಾತ್ರೆ. ಆವತ್ತು ಹೊತ್ತು ಹುಟ್ಟುವ ಮೊದಲೇ ಆಳುಕಾಳು ಕಟ್ಟಿಕೊಂಡು ಬಂದು, ನಡುಮನೆಯ ಹಿಂದಿನ ಗೋಡೆಯನ್ನು ಮಧ್ಯಾಹ್ನದೊಳಗೆ ಪುಡಿ ಮಾಡಿ, ಕೈಕಾಲು ತೊಳೆದುಕೊಂಡು ಹೊರಟಿದ್ದ. ಗೋಡೆ ಹೋದ ಮನೆ ಮೇಸ್ತ್ರಿಯನ್ನು ಬಿಟ್ಟು ಎಲ್ಲಿಗೂ ಹೋಗಲಾರದೆಂದು ಅವನಿಗೆ ಚೆನ್ನಾಗಿ ಗೊತ್ತು.

ಅಂದಿನಿಂದ ಮನೆ ಮನೆಯಾಗಿ ಉಳಿದಿರಲಿಲ್ಲ. ಅನ್ನ ಬಡಿಸಿದರೆ ಅನ್ನದಲ್ಲಿ ಮರಳು, ಹಲ್ಲುಜ್ಜಿದರೆ ಬ್ರಶ್ಶಿನಲ್ಲಿ ಮರಳು. ಒಗೆದ ಬಟ್ಟೆಯನ್ನು ಮತ್ತೆ ಕೊಡವಿಯೇ ಹಾಕಿಕೊಳ್ಳಬೇಕು. ಟಾರ್ಪಾಲಿನ ಸಂದಿಯಿಂದ ಬೀದಿಯ ಬೆಕ್ಕೊಂದು ಬಂದು ಹಾಲಿನ ಪಾತ್ರೆ ಎಲ್ಲಿದೆ ಎಂದು ಮನೆಯವರಿಗಿಂತ ಚೆನ್ನಾಗಿ ತಿಳಿದುಕೊಂಡಿತ್ತು. ಹಿತ್ತಲಿನಲ್ಲಿ ಹೊಸ ಕೋಣೆಗೆ ಮೂರು ಗೋಡೆ ಎದ್ದಿದ್ದವು, ಮೇಲೆ ತಾರಸಿಯೂ ಬಿದ್ದಿತ್ತು. ಪಕ್ಕದಲ್ಲಿ ಪುಟ್ಟ ಬಚ್ಚಲಿಗೆ ನಲ್ಲಿ ಕೂಡ ಬಂದಿತ್ತು. ಬರಬೇಕಾದ್ದು ನಡುಮನೆಗೂ ಕೋಣೆಗೂ ನಡುವಿನ ಗೋಡೆಯೊಂದೇ, ಬಾಗಿಲು ಕೂರಬೇಕಾದ ಗೋಡೆ. ಅದು ಬಾರದೆ ಅದು ಕೋಣೆಯಲ್ಲ, ಗುಹೆ.

ಮೇಡಮ್ಮಿಗೆ ಬೇಕಾಗಿದ್ದದ್ದು ಆ ಬಾಗಿಲು. ಯಾಕೆಂದು ಅವರು ಬೀದಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಅತಿಥಿಗಳು ಬಂದರೆ ಇರಲಿ ಅಂತ ಎಂದು ತೇಲಿಸಿಬಿಡುತ್ತಿದ್ದರು. ಆ ಕೋಣೆ ಮಗಳಿಗಾಗಿ.

ಮಗಳು ಒಮ್ಮೆ ಬಂದಿದ್ದಳು. ಮದುವೆಯಾಗಿ ಇನ್ನೊಂದು ಊರಲ್ಲೇನೂ ಇರಲಿಲ್ಲ ಅವಳು, ಟ್ಯಾಕ್ಸಿ ಹಿಡಿದರೆ ಅರ್ಧ ಗಂಟೆ. ಒಂದು ಚೀಲ ಹಿಡಿದು ಬಂದವಳು, ಸ್ವಲ್ಪ ದಿನ ಇಲ್ಲಿರ್ತೀನಮ್ಮ ಎಂದಿದ್ದಳು. ಅಳಿಯ ಹೊರಗಿನವರ ಕಣ್ಣಿಗೆ ಬೆಣ್ಣೆ. ಮನೆಯೊಳಗೆ ಮುನಿಸಿಕೊಂಡರೆ ವಾರಗಟ್ಟಲೆ ಮಾತಿಲ್ಲ. ಅವಳ ಕೆಲಸ ಬಿಡಿಸಿದ. ಆಮೇಲೆ ಫೋನ್ ಕಿತ್ತಿಟ್ಟುಕೊಂಡ, ಕೊಟ್ಟರೂ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳತೊಡಗಿದ. ಮಗಳು ಇದನ್ನೆಲ್ಲ ತಲೆ ತಗ್ಗಿಸಿ, ಪಾತ್ರೆ ಒರೆಸುತ್ತ, ತುಂಡು ತುಂಡಾಗಿ ಹೇಳಿದ್ದಳು. ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದ್ದಳು. ಆಮೇಲೆ ಒಂದು ದಿನ, ಮೇಡಂ ಕ್ರೀಡಾಕೂಟದಲ್ಲಿದ್ದಾಗ, ಅಳಿಯ ಹಣ್ಣಿನ ಬುಟ್ಟಿ ಹಿಡಿದು ಬಂದು ಅದೇ ನಡುಮನೆಯಲ್ಲಿ ಕೂತ. ಅವಳಿಗೆ ಎದ್ದು ಹೋಗಲು ಜಾಗವಿರಲಿಲ್ಲ. ಅಡುಗೆಮನೆಗೆ ಹೋದರೆ ಅಲ್ಲಿಗೂ ಬಂದ. ಸಾಹೇಬರು, ಮನೆಗೆ ಬಂದವರಿಗೆ ಮುಖ ತಿರುಗಿಸಬಾರದಮ್ಮ ಎಂದರು. ಮೇಡಂ ಸಂಜೆ ಬಂದು ನೋಡಿದರೆ ಚಾಪೆ ಸುತ್ತಿಟ್ಟಿತ್ತು, ಬುಟ್ಟಿಯಲ್ಲಿ ಹಣ್ಣು ಹಾಗೇ ಇತ್ತು. ಆ ಹಣ್ಣನ್ನು ಅವರು ಎತ್ತಿ ತಿಪ್ಪೆಗೆ ಸುರಿದು ಬಂದರು.

ಅವತ್ತೇ ಪಣ ತೊಟ್ಟರು. ಮುಂದಿನ ಸಲ ಅವಳು ಬಂದರೆ ಅವಳಿಗೊಂದು ಕೋಣೆ ಇರಬೇಕು. ಯಾರು ಬುಟ್ಟಿ ಹಿಡಿದು ಬಂದರೂ ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವಂತಿರಬೇಕು. ಮಗಳಿಗೂ ಹಾಗೆಯೇ ಹೇಳಿದರು: "ರೂಮ್ ಕಟ್ಟಿಸ್ತಿದ್ದೀನಿ ಪುಟ್ಟಿ. ಗೋಡೆ ಆದ ದಿನ ಹೇಳ್ತೀನಿ, ಹೊರಟು ಬಂದುಬಿಡು."

ಆಮೇಲೆ ಮಗಳು ಫೋನಿನಲ್ಲಿ ಕೇಳುತ್ತಿದ್ದುದು ಅದೊಂದೇ. ಗಂಡ ಪಕ್ಕದಲ್ಲಿರುವಾಗ ಬೇರೆ ಏನು ಕೇಳಿಯಾಳು?

"ಅಮ್ಮ, ಗೋಡೆ ಆಯ್ತಾ?"

"ಇನ್ನೊಂದು ಚೂರು ಕಣೇ. ಈ ವಾರ ಮುಗಿಯುತ್ತೆ."

"ಹೂಂ. ನಿಧಾನಕ್ಕೆ ಆಗ್ಲಿ, ಪರವಾಗಿಲ್ಲ."

ಆ ಪರವಾಗಿಲ್ಲ ಎನ್ನುವ ಮಾತನ್ನು ಮೇಡಮ್ಮಿಗೆ ತಾಳಿಕೊಳ್ಳಲಾಗುತ್ತಿರಲಿಲ್ಲ. ಫೋನ್ ಇಟ್ಟ ಮೇಲೆ ಯಾರ ಮೇಲಾದರೂ ಕೂಗಾಡದೆ ಇರಲು ಅವರಿಂದ ಆಗುತ್ತಿರಲಿಲ್ಲ. ಕೂಗಾಡುವುದರಲ್ಲಿ ಅವರದು ಎತ್ತಿದ ಕೈ. ಶಾಲೆಯಲ್ಲಿ ವ್ಯಾಯಾಮದ ಟೀಚರು, ಕೊರಳಲ್ಲಿ ಸದಾ ಸೀಟಿ, ಮೈದಾನದ ಆ ತುದಿಯ ಹುಡುಗ ಈ ತುದಿಯಿಂದ ಅವರು ಬೈದರೆ ಕೇಳಿಸಿಕೊಂಡು ಅಳಬೇಕು. ಆ ಗಂಟಲನ್ನು ಅವರು ಈಗ ಮೇಸ್ತ್ರಿಗೆ ಮೀಸಲಿಟ್ಟರು. ತರಕಾರಿ ಅಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ, ಶಾಲೆಯ ಸ್ಟಾಫ್ ರೂಮಿನಲ್ಲಿ ಉಪ್ಪುಖಾರ ಹಚ್ಚಿ ಅವನ ಕಥೆ ಹೇಳಿದರು. ಆ ಮನುಷ್ಯನಿಗೆ ಗೋಡೆಯಲ್ಲ, ನಾಯಿಗೂಡು ಕಟ್ಟುವ ಕೆಲಸ ಕೊಟ್ಟರೂ ನಾಯಿ ಹೊರಗೇ ಮಲಗಬೇಕಾಗುತ್ತದೆ ಎಂದರು. ಕೇಳಿದವರು ಬಿದ್ದು ಬಿದ್ದು ನಕ್ಕರು.

ಸಾಹೇಬರು ಮಾತ್ರ ಎಂದೂ ದನಿ ಏರಿಸಲಿಲ್ಲ. ಮೇಸ್ತ್ರಿ ಬಂದ ದಿನ ಅವನ ಹಿಂದೆ ಹಿಂದೆಯೇ ತಿರುಗುತ್ತಿದ್ದರು. ಮರಳು ಹಿಡಿಯಲ್ಲಿ ತೆಗೆದುಕೊಂಡು ತಿಕ್ಕಿ, ಇದರಲ್ಲಿ ಮಣ್ಣಿದೆ, ವಾಪಸು ಕಳಿಸು ಎನ್ನುತ್ತಿದ್ದರು. ಇಟ್ಟಿಗೆಗೆ ಇಟ್ಟಿಗೆ ಬಡಿದು ಸದ್ದು ಕೇಳಿ, ಇದು ಸರಿಯಾಗಿ ಬೆಂದಿಲ್ಲ ಎನ್ನುತ್ತಿದ್ದರು. ಬಾಗಿಲಿನ ಚೌಕಟ್ಟಿನ ಮರ ಇನ್ನೂ ಹಸಿ, ಒಣಗಲಿ ಎಂದರು. ಒಣಗಿದ ಮೇಲೆ ಬಿರುಕು ಬಿಟ್ಟಿದೆ ಎಂದರು. ಮೇಡಮ್ಮಿಗೆ ಒಳಗೊಳಗೇ ಹೆಮ್ಮೆ. ಮಗಳ ಕೋಣೆಗೆ ಅಪ್ಪ ಎಷ್ಟು ಕಾಳಜಿ ಮಾಡುತ್ತಿದ್ದಾರೆ! ಈ ಮೇಸ್ತ್ರಿಗೆ ಅದರಲ್ಲಿ ಕಾಲುಭಾಗ ಶ್ರದ್ಧೆ ಇದ್ದಿದ್ದರೆ ಕೋಣೆ ಎಂದೋ ಮುಗಿದಿರುತ್ತಿತ್ತು.

ಎರಡನೇ ಸಲ ಗೋಡೆ ಬಿದ್ದ ಮೇಲಿನ ಶನಿವಾರ, ಶಾಲೆ ಅರ್ಧ ದಿನಕ್ಕೇ ಬಿಟ್ಟಿತ್ತು. ಮೇಡಂ ಮನೆಗೆ ಹೋಗದೆ ಸೀದಾ ಹಿಂದಿನ ಬೀದಿಗೆ ಹೋದರು. ಅಲ್ಲಿ ಒಂದು ಮನೆಗೆ ಮಹಡಿ ಏಳುತ್ತಿತ್ತು. ನಾಳೆ ಮೇಸ್ತ್ರಿ ಅಟ್ಟಣಿಗೆಯ ಮೇಲೆ ನಿಂತು, ಹೊಸ ಕರಣೆ ಹಿಡಿದು, ಹಾಡು ಗುನುಗುತ್ತ ಗಾರೆ ಬಳಿಯುತ್ತಿದ್ದ. ಆ ಹಾಡು ಕೇಳಿದ್ದೇ ಮೇಡಮ್ಮಿನ ಮೈಯೆಲ್ಲ ಉರಿದುಹೋಯಿತು. ಸೀಟಿ ಬಾಯಿಗಿಟ್ಟು ಒಂದೇ ಸಮನೆ ಊದಿದರು. ಗಾರೆ ಕಲಸುತ್ತಿದ್ದವರು ಕೈ ನಿಲ್ಲಿಸಿದರು. ಮನೆಯೊಡತಿ ಕಿಟಕಿಗೆ ಬಂದರು. ಅಕ್ಕಪಕ್ಕದ ಬಾಗಿಲುಗಳೂ ತೆರೆದವು.

"ಇಳಿ ಕೆಳಗೆ!"

"ಮೇಡಂ, ನಾಳೆ—"

"ನಾಳೆ ಅನ್ನೋ ಮಾತು ಇನ್ನೊಂದ್ಸಲ ನಿನ್ನ ಬಾಯಲ್ಲಿ ಬಂದ್ರೆ ಆ ಅಟ್ಟಣಿಗೆ ನಾನೇ ಕಿತ್ತು ಹಾಕ್ತೀನಿ. ಎಲ್ಲರೂ ಕೇಳಿಸ್ಕೊಳ್ಳಿ! ಒಂದು ಗೋಡೆ, ಒಂದೇ ಒಂದು ಗೋಡೆ, ಎರಡು ಸಲ ಸೊಟ್ಟಗೆ ಕಟ್ಟಿದಾನೆ ಈ ಮಹಾನುಭಾವ. ಇವನ ಕೈಲಿ ಮಹಡಿ ಕಟ್ಟಿಸ್ತಿದ್ದೀರಾ ನೀವು? ಮೇಲೆ ಮಲಗಿದೋರು ಬೆಳಿಗ್ಗೆ ಕೆಳಗೆ ಏಳ್ತೀರಿ!"

ಮೇಸ್ತ್ರಿ ಇಳಿದು ಬಂದ. ಯಾವಾಗಲೂ ಹಲ್ಲು ಕಿರಿಯುತ್ತಿದ್ದವನ ಮುಖ ಕೆಂಪೇರಿತ್ತು. ಕರಣೆಯನ್ನು ಮರಳಿನ ಗುಡ್ಡೆಗೆ ಚುಚ್ಚಿ ಸೊಂಟಕ್ಕೆ ಕೈ ಕೊಟ್ಟು ನಿಂತ.

"ಸಾಕು ಮೇಡಂ. ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ದೆ. ನಿಮ್ಮಿಂದ ನನ್ನ ಹೆಸರು ಮಣ್ಣುಪಾಲಾಯ್ತು. ಕೆಲಸ ಕೊಡ್ತೀನಿ ಅಂದೋರು ಈಗ ನನ್ನ ನೋಡಿದ್ರೆ ಬಾಗಿಲು ಹಾಕ್ಕೊಳ್ತಾರೆ. ನಾನೇನು ಸಾಚಾ ಅಂತ ಹೇಳ್ಕೊಳ್ಳಲ್ಲ. ನಾಲ್ಕು ಕಡೆ ಕೆಲಸ ಹಿಡೀತೀನಿ, ಸುಳ್ಳು ಹೇಳ್ತೀನಿ, ತಪ್ಪಿಸ್ಕೊಂಡು ತಿರುಗ್ತೀನಿ. ಆದ್ರೆ ಕಟ್ಟಿದ ಗೋಡೆ ಕೆಡವೋ ಹುಚ್ಚು ನನಗಿಲ್ಲ. ನಿಮ್ಮ ಗೋಡೆ ನೆಟ್ಟಗಿತ್ತು. ಎರಡು ಸಲಾನೂ ನೆಟ್ಟಗಿತ್ತು."

"ಮತ್ತೆ ಯಾಕೆ ಕೆಡವಿದೆ?"

"ಸಾಹೇಬ್ರನ್ನ ಕೇಳಿ."

"ನಿನ್ನ ಕೇಳ್ತಿದ್ದೀನಿ ನಾನು!"

ಮೇಸ್ತ್ರಿ ಸುತ್ತ ನಿಂತವರನ್ನು ಒಮ್ಮೆ ನೋಡಿ ದನಿ ತಗ್ಗಿಸಿದ. ಅಷ್ಟು ಮರ್ಯಾದೆ ಅವನಿಗೂ ಇತ್ತು. "ಶುರುವಾದ ವಾರಾನೇ ನನ್ನ ಕರೆದು ಹೇಳಿದ್ರು ಮೇಡಂ. ಅವಸರ ಇಲ್ಲ ಮೇಸ್ತ್ರಿ, ಆದಷ್ಟು ತಳ್ಳು. ಮೇಡಂ ಕೇಳಿದ್ರೆ ನಾಳೆ ಅನ್ನು. ಗೋಡೆ ಎದ್ದುಬಿಟ್ರೆ ನಾನು ವಾಲಿದೆ ಅಂತೀನಿ, ನೀನು ತಲೆ ಆಡಿಸು ಅಂದ್ರು. ಯಾಕೆ ಸಾರ್ ಅಂದೆ. ಮನೆ ವಿಷಯ ಅಂದ್ರು. ನಂಗೂ ಇಲ್ಲಿ ಕೈತುಂಬ ಕೆಲಸ ಇತ್ತು, ಸುಮ್ಮನಾದೆ."

ಮೇಡಮ್ಮಿಗೆ ಮೊದಲು ಅರ್ಥವೇ ಆಗಲಿಲ್ಲ. ಇವನು ಮತ್ತೊಂದು ಕುಂಟುನೆಪ ತೆಗೆದ ಎಂದುಕೊಂಡರು. ಆಮೇಲೆ ಮರಳು, ಇಟ್ಟಿಗೆ, ಹಸಿ ಮರ, ಬಿರುಕು ಬಿಟ್ಟ ಮರ ಎಲ್ಲವೂ ಒಂದರ ಹಿಂದೊಂದು ನೆನಪಾಗಿ ಬಂದವು. ಅವರು ಮನೆಯ ಕಡೆ ತಿರುಗಿ ನಡೆದರು. ಹಿಂದೆ ಮನೆಯೊಡತಿ ಮೇಸ್ತ್ರಿಯನ್ನು ಏನೋ ಕೇಳುತ್ತಿದ್ದುದು ಕಿವಿಗೆ ಬಿತ್ತು, ಮನಸ್ಸಿಗೆ ಹೋಗಲಿಲ್ಲ.

ಸಾಹೇಬರು ನಡುಮನೆಯಲ್ಲಿ ಪೇಪರ್ ಹಾಸಿಕೊಂಡು ಬೀನ್ಸ್ ಸೋಸುತ್ತಿದ್ದರು. ಎಲ್ಲ ಕಾಯಿಗಳೂ ಒಂದೇ ಉದ್ದಕ್ಕೆ ಮುರಿದು ಬೀಳುತ್ತಿದ್ದವು.

"ಗೋಡೆ ವಾಲಿತ್ತಾ?" ಎಂದರು ಮೇಡಂ.

ಸಾಹೇಬರು ಹೆಂಡತಿಯ ಮುಖ ನೋಡಿದರು. ಸುಳ್ಳು ಹೇಳುವವರ ಮುಖ ಓದುವುದೇ ಅವರ ಕಸುಬಾಗಿತ್ತು. ತಮ್ಮ ಮುಖವನ್ನು ಎದುರಿನವರು ಓದಿಯಾಗಿದೆ ಎನ್ನುವುದೂ ಅವರಿಗೆ ಆ ಕ್ಷಣದಲ್ಲೇ ಗೊತ್ತಾಯಿತು. "ಕೂತ್ಕೋ, ಹೇಳ್ತೀನಿ" ಎಂದರು.

"ನಿಂತೇ ಕೇಳ್ತೀನಿ. ವಾಲಿತ್ತಾ?"

"ಇಲ್ಲ."

"ಎರಡನೇ ಸಲ?"

"ಇಲ್ಲ ಕಣೇ. ನೋಡು, ಸ್ವಲ್ಪ ಯೋಚನೆ ಮಾಡು. ರೂಮ್ ಆದ ದಿನವೇ ಅವಳು ಬಂದುಬಿಡ್ತಾಳೆ. ಬಂದ್ರೆ ವಾಪಸು ಹೋಗಲ್ಲ. ಅಲ್ಲಿಗೆ ಮುಗೀತು, ಒಂದು ಸಂಸಾರ ಮುಗೀತು. ತಕ್ಕಡಿ ಆಡ್ತಾ ಇರುವಾಗ ಕೈ ಹಾಕಬಾರದು, ತಾನಾಗೇ ಒಂದು ಕಡೆ ನಿಲ್ಲುತ್ತೆ. ಅದಕ್ಕೇ ಸ್ವಲ್ಪ ಸಮಯ ಕೊಡೋಣ ಅಂತ—"

"ಯಾರ ಸಮಯ ಕೊಟ್ರಿ?" ಮೇಡಂ ಕೂಗಲಿಲ್ಲ. ಮೈದಾನದ ಆ ತುದಿಗೆ ಕೇಳಿಸುವ ಗಂಟಲು ಈಗ ನಡುಮನೆ ದಾಟುತ್ತಿರಲಿಲ್ಲ, ಅದಕ್ಕೇ ಸಾಹೇಬರಿಗೆ ಹೆದರಿಕೆಯಾಯಿತು. "ನಿಮ್ಮದಾ? ನೀವಿಲ್ಲಿ ಫ್ಯಾನ್ ಕೆಳಗೆ ಕೂತು ಬೀನ್ಸ್ ಮುರೀತಾ ಇದ್ರಿ. ಕೊಟ್ಟಿದ್ದು ಅವಳ ಸಮಯ. ತಕ್ಕಡೀಲಿ ಕೂತಿರೋದು ಸಕ್ಕರೆ ಮೂಟೆ ಅಲ್ಲ ಕಣ್ರೀ, ಹೆತ್ತ ಮಗಳು. ಜನ್ಮ ಪೂರ್ತಿ ಅಂಗಡಿಯೋರ ಮೋಸ ಹಿಡಿದ್ರಿ. ತೂಕದ ಕಲ್ಲಿನ ಕೆಳಗೆ ಮೇಣ ಮೆತ್ತಿದೋನನ್ನ ಬೀದೀಲಿ ನಿಲ್ಸಿ ನೀರಿಳಿಸಿದ್ರಿ. ಮನೇಲಿ ಏನು ಮಾಡಿದ್ರಿ?"

"ನಾನು ಅವಳ ಒಳ್ಳೇದಕ್ಕೇ—"

"ಅವಳನ್ನ ಒಂದು ಮಾತು ಕೇಳಿದ್ರಾ?"

ಸಾಹೇಬರು ಕೇಳಿರಲಿಲ್ಲ. ಮೇಡಂ ಪರ್ಸು ಎತ್ತಿಕೊಂಡು ಹೊರಟರು. ಎಲ್ಲಿಗೆ ಎಂದು ಹಿಂದಿನಿಂದ ಪ್ರಶ್ನೆ ಬರುವಷ್ಟರಲ್ಲಿ ಗೇಟು ದಾಟಿದ್ದರು, ಟ್ರ್ಯಾಕ್ ಪ್ಯಾಂಟನ್ನೂ ಬದಲಿಸಿರಲಿಲ್ಲ.

ಟ್ಯಾಕ್ಸಿಯಲ್ಲಿ ಕೂತ ಮೇಲೆ ಅವರ ಸಿಟ್ಟಿಗೆ ಒಂದು ನೆಲೆ ಸಿಗಲಿಲ್ಲ. ಗಂಡನನ್ನು ಬೈದರು, ಅಳಿಯನನ್ನು ಬೈದರು, ಹಲ್ಲು ಕಿರಿಯುತ್ತ ತಲೆಯಾಡಿಸಿದ ಮೇಸ್ತ್ರಿಯನ್ನು ಬೈದರು. ಎಲ್ಲರೂ ಸೇರಿ ಅವರ ಕಿವಿಗೆ ಹೂವಿಟ್ಟಿದ್ದರು. ಆ ಹೂವು ಮುಡಿದುಕೊಂಡು ಅವರು ಗಂಡನ ಕಾಳಜಿಗೆ ಒಳಗೊಳಗೇ ಹೆಮ್ಮೆಪಡುತ್ತ ಊರೆಲ್ಲ ತಿರುಗಿದ್ದರು! ನೆನೆಸಿಕೊಂಡರೆ ನಾಚಿಕೆಯಿಂದ ಕಿವಿ ಬಿಸಿಯಾಗುತ್ತಿತ್ತು. ಸಿಗ್ನಲ್ಲಿನಲ್ಲಿ ಟ್ಯಾಕ್ಸಿ ನಿಂತರೆ ಸಿಗ್ನಲ್ಲಿಗೂ ಬೈದರು. ಚಾಲಕ ಕನ್ನಡಿಯಲ್ಲಿ ಅವರನ್ನು ನೋಡಿ ರೇಡಿಯೋ ಆರಿಸಿದ.

ಮಗಳ ಮನೆ ಮೂರನೇ ಮಹಡಿಯಲ್ಲಿ. ಅವಳೇ ಬಾಗಿಲು ತೆರೆದಳು. ಕೈ ಒದ್ದೆಯಾಗಿತ್ತು, ಕೂದಲು ಹೇಗೋ ಗಂಟು ಹಾಕಿಕೊಂಡಿದ್ದಳು. ಅಮ್ಮನನ್ನು ನೋಡಿದವಳು ಬಾ ಎನ್ನುವುದಕ್ಕೂ ಮೊದಲು ಅಭ್ಯಾಸಬಲದಿಂದ ಕೇಳಿದಳು: "ಗೋಡೆ ಆಯ್ತಾ?"

"ಇಲ್ಲ. ಗೋಡೇನೂ ಇಲ್ಲ, ಬಾಗಿಲೂ ಇಲ್ಲ. ಚಪ್ಪಲಿ ಹಾಕ್ಕೋ, ಹೋಗೋಣ."

ಮಗಳು ಅರೆಗಳಿಗೆ ನಿಂತಳು. ಕೈಯನ್ನು ಬಟ್ಟೆಗೆ ಒರೆಸಿಕೊಂಡು ಒಳಗೆ ಹೋದಳು. ಚೀಲ ತುಂಬುವ ಸದ್ದು ಕೇಳಿದ್ದೇ ಅಳಿಯ ಹೊರಗೆ ಬಂದ. ಇಸ್ತ್ರಿ ಹಾಕಿದ ಅಂಗಿ, ಮುಖದ ತುಂಬ ನಗು.

"ಏನತ್ತೆ, ಹೇಳದೆ ಕೇಳದೆ ಬಂದುಬಿಟ್ರಿ! ಕೂತ್ಕೊಳ್ಳಿ, ಟೀ ಕುಡೀರಿ. ಇವಳನ್ನ ಈಗ ಕರ್ಕೊಂಡು ಹೋಗಿ ಎಲ್ಲಿ ಮಲಗಿಸ್ತೀರಿ? ರೂಮ್ ಇನ್ನೂ ಆಗಿಲ್ವಲ್ಲ."

"ನಿನಗ್ಯಾರು ಹೇಳಿದ್ದು?"

"ಮಾವನೇ ಹೇಳ್ತಾರಲ್ಲ. ವಾರ ವಾರ ಫೋನ್ ಮಾಡ್ತಾರೆ. ಗೋಡೆ ನಿಲ್ಲಿಸಿದ್ದೀನಪ್ಪ, ಅಷ್ಟರೊಳಗೆ ನೀನೂ ಸ್ವಲ್ಪ ಸರಿಹೋಗು ಅಂತಾರೆ. ದೊಡ್ಡ ಮನುಷ್ಯರು, ಅವರಿಗೆ ಎಲ್ಲಾ ಅರ್ಥ ಆಗುತ್ತೆ. ನೀವೇ ಸುಮ್ಮನೆ ದುಡುಕ್ತಿದ್ದೀರಿ."

ಕೋಣೆಯ ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದ ಮಗಳು ಅದನ್ನು ಕೇಳಿಸಿಕೊಂಡಳು. ಅಳಿಯನಿಗೆ ತಾನೇನು ಬಾಯಿ ಬಿಟ್ಟೆ ಎನ್ನುವುದೂ ತಿಳಿದಂತಿರಲಿಲ್ಲ, ಇನ್ನೂ ನಗುತ್ತಲೇ ಇದ್ದ. ಅವನು ಬಾಗಿಲಿಗೆ ಅಡ್ಡ ಬರಲು ನೋಡಿದಾಗ ಮೇಡಂ ಅವನ ಎದುರು ಹೋಗಿ ನಿಂತರು. "ಜರುಗು" ಎಂದರು ಅಷ್ಟೆ. ಮೈದಾನದಲ್ಲಿ ದಾಂಡಿಗ ಹುಡುಗರನ್ನು ಸಾಲಿನಲ್ಲಿ ನಿಲ್ಲಿಸಿದ ದನಿಯದು. ಅವನು ಜರುಗಿದ.

ದಾರಿಯುದ್ದಕ್ಕೂ ಮಗಳು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಮನೆ ಹತ್ತಿರವಾದಾಗ, "ಅಪ್ಪ ಬೇಕು ಅಂತಲೇ ನಿಲ್ಸಿದ್ರಾ?" ಎಂದಳು. ಮೇಡಂ ಹೌದು ಎಂದರು. ನನಗೂ ಇವತ್ತೇ ಗೊತ್ತಾಗಿದ್ದು ಎಂದೂ ಸೇರಿಸಿದರು. ಮಗಳು ತಲೆ ಆಡಿಸಿದಳು.

ಸಾಹೇಬರು ಗೇಟಿನಲ್ಲೇ ನಿಂತಿದ್ದರು. "ಬಾರಮ್ಮ, ಬಾ" ಎಂದು ಚೀಲಕ್ಕೆ ಕೈ ಚಾಚಿದರು. ಮಗಳು ಚೀಲ ಕೊಡಲಿಲ್ಲ. ಒಳಗೆ ಬಂದು, ಟಾರ್ಪಾಲು ಸರಿಸಿ, ಮೂರು ಗೋಡೆಯ ಆ ಕೋಣೆಯನ್ನು ನೋಡಿದಳು. ನೆಲದ ಮಣ್ಣು, ಮೂಲೆಯ ಬಾಂಡ್ಲಿ, ನಲ್ಲಿಯಿಂದ ತೊಟ್ಟಿಕ್ಕುತ್ತಿದ್ದ ನೀರು, ಎಲ್ಲವನ್ನೂ ನೋಡಿದಳು. ಆಮೇಲೆ ಪೇರಿಸಿಟ್ಟ ಇಟ್ಟಿಗೆಗಳ ಹತ್ತಿರ ಬಂದು ನಿಂತಳು.

"ಅಪ್ಪ, ಮೊದಲನೇ ಸಲ ಕೆಡವಿಸಿದ್ರಲ್ಲ, ಯಾವಾಗ ಅದು?"

"ಈಗ್ಯಾಕಮ್ಮ ಅದೆಲ್ಲ? ದಣಿದು ಬಂದಿದ್ದೀಯ—"

"ಯಾವಾಗ ಅಪ್ಪ?"

"ಅಮ್ಮನ ಶಾಲೇಲಿ ಪರೀಕ್ಷೆ ನಡೀತಿತ್ತು. ಆವಾಗ."

"ಹೌದು. ಚಳಿ ಇತ್ತು." ಅವಳು ಯಾರನ್ನೋ ಲೆಕ್ಕ ತಾಳೆ ನೋಡಲು ಕೇಳುತ್ತಿರುವವಳಂತೆ ಮಾತಾಡಿದಳು, ಅಳು ಇರಲಿಲ್ಲ. "ಆವಾಗ್ಲೇ ಅವರು ನನ್ನ ಬಾಲ್ಕನೀಗೆ ಹಾಕಿ ಬಾಗಿಲು ಜಡಿದಿದ್ದು. ಬೆಳಗಾದ ಮೇಲೆ ತೆಗೆದ್ರು. ಅವರು ಸ್ನಾನಕ್ಕೆ ಹೋದಾಗ ಇಲ್ಲಿಗೆ ಫೋನ್ ಮಾಡಿದೆ. ಅಮ್ಮ ಇರಲಿಲ್ಲ, ನೀವು ಎತ್ತಿದ್ರಿ. ಗೋಡೆ ಆಯ್ತಾ ಅಪ್ಪ ಅಂದೆ. ಇನ್ನೂ ತಡ ಇದೆಯಮ್ಮ, ನೀನು ಆರಾಮಾಗಿರು ಅಂದ್ರಿ."

ಸಾಹೇಬರು ಇಟ್ಟಿಗೆಯ ಸಾಲಿನ ಮೇಲೆ ಕೈಯೂರಿ, ಹಾಗೆಯೇ ಅದರ ಮೇಲೆ ಕುಳಿತುಬಿಟ್ಟರು. ಗೊತ್ತಿರಲಿಲ್ಲಮ್ಮ ಎನ್ನುವ ಮಾತು ಹೊರಬಂತೋ ಇಲ್ಲವೋ ಎನ್ನುವಷ್ಟು ಸಣ್ಣಗೆ ಬಂತು. ಗಂಡನಿಗೆಂದು ದಾರಿಯುದ್ದಕ್ಕೂ ಮೇಡಂ ಕಟ್ಟಿಕೊಂಡು ಬಂದಿದ್ದ ಬೈಗುಳಗಳೆಲ್ಲ ಗಂಟಲಲ್ಲೇ ಉಳಿದವು. ಮಗಳು ಆಡಿದ ಮೇಲೆ ಅವರು ಆಡಬೇಕಾದ್ದೇನೂ ಉಳಿದಿರಲಿಲ್ಲ.

ಸಿಟ್ಟಿನ ಕೈಗೆ ಕೆಲಸ ಬೇಕಿತ್ತು. ಅವರು ಒಳಗೆ ಮಲಗುವ ಕೋಣೆಗೆ ಹೋದರು. ಗಂಡನ ದಿಂಬು, ಹೊದಿಕೆ, ಕನ್ನಡಕದ ಪೆಟ್ಟಿಗೆ, ಮಾತ್ರೆಗಳ ಡಬ್ಬಿ ಎಲ್ಲವನ್ನೂ ಬಾಚಿ ತಂದು ನಡುಮನೆಯ ಸೋಫಾದ ಮೇಲೆ ಒಗೆದರು. ಮತ್ತೆ ಹೋಗಿ ತಮ್ಮದನ್ನೂ ತಂದರು. ಮಂಚದ ಮೇಲೆ ಒಗೆದ ಹಾಸು ಕೊಡವಿ ಹಾಕಿದರು, ಕಪಾಟಿನಲ್ಲಿ ಒಂದು ಸಾಲು ಖಾಲಿ ಮಾಡಿದರು, ಕಿಟಕಿಯ ಪರದೆ ಎಳೆದರು. ಎಲ್ಲ ಸೇರಿ ಟೀ ಕುದಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

"ಪುಟ್ಟಿ, ಬಾ. ಇನ್ಮೇಲೆ ಇದು ನಿನ್ನ ರೂಮು. ಯಾರೇ ಬರಲಿ, ನಿನಗೆ ಇಷ್ಟ ಇಲ್ಲದಿದ್ರೆ ಬಾಗಿಲು ತೆಗೀಬೇಡ. ಹೊರಗೆ ನಾನಿರ್ತೀನಿ."

ಮಗಳು ಬಂದು ಮಂಚದ ಅಂಚಿಗೆ ಕುಳಿತಳು. ಹಾಸಿನ ಮೇಲೆ ಅಂಗೈ ಆಡಿಸಿದಳು. ಕೋಣೆಯನ್ನು ಮೊದಲ ಸಲ ನೋಡುವವಳಂತೆ ಸುತ್ತ ನೋಡಿ, ಕೊನೆಗೆ ಬಾಗಿಲನ್ನು ನೋಡಿದಳು. ಬಣ್ಣ ಮಾಸಿದ, ಗಟ್ಟಿಮುಟ್ಟಾದ ಬಾಗಿಲು.

"ಅಮ್ಮ," ಎಂದಳು, "ಈ ರೂಮು ಮೊದಲಿಂದಾನೂ ಇತ್ತಲ್ವಾ?"

ಅವಳ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಮರೆತುಹೋದ ಏನನ್ನೋ ಕೇಳಿ ತಿಳಿದುಕೊಳ್ಳುವಂತೆ ಕೇಳಿದ್ದಳು. ಊರಿಗೆಲ್ಲ ಉತ್ತರ ಕೊಡುವ ಸೀಟಿ ಮೇಡಂ ಮಗಳ ಮುಂದೆ ನಿಂತೇ ಇದ್ದರು. ಅವರ ನಾಲಿಗೆಗೆ ಮೇಸ್ತ್ರಿಯ ಹೆಸರೂ ಬರಲಿಲ್ಲ, ಗಂಡನ ಹೆಸರೂ ಬರಲಿಲ್ಲ.

ಮಗಳು ಉತ್ತರಕ್ಕೆ ಕಾಯಲಿಲ್ಲ. "ಸ್ವಲ್ಪ ಮಲಗ್ತೀನಮ್ಮ" ಎಂದು ಎದ್ದು, ಅಮ್ಮ ಹೊರಗೆ ಬರುವವರೆಗೂ ಬಾಗಿಲು ಹಿಡಿದುಕೊಂಡು ನಿಂತು, ಆಮೇಲೆ ಮೆಲ್ಲಗೆ ಹಾಕಿಕೊಂಡಳು.